ಫೋಟೋ ಮುಟ್ಟದವರು

ಮೊನ್ನೆ ದಾವಣಗೆರೆಯ ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ‘ನಾವಿನ್ನೂ ಬದುಕಿದ್ದೇವೆ’ ಎಂದು ಬರೆದುಕೊಟ್ಟು ಬರಬೇಕಲ್ಲ, ಅದಕ್ಕೆ. ಸರದಿಗಾಗಿ ಕಾಯುತ್ತ ಕೂತಿದ್ದಾಗ ಒಳಗಿನ ಮೇಜಿನ ಬಳಿ ಯಾರೋ ಮೇಣದಬತ್ತಿ ಹಚ್ಚಿ ಅರಗು ಕಾಯಿಸತೊಡಗಿದರು. ಯಾವುದೋ ಬಟ್ಟೆ ಲಕೋಟೆಗೆ ಮೊಹರು ಹಾಕುವುದಿತ್ತಂತೆ. ಕೆಂಪು ಅರಗು ಕರಗಿ ಸುಡುವ ಆ ವಾಸನೆ... ಎಷ್ಟು ವರ್ಷವಾಗಿತ್ತೋ. ಮೂಗಿಗೆ ಬಡಿದ ಕೂಡಲೇ ಪೋಸ್ಟಣ್ಣನ ಕೈ ನೆನಪಾಯಿತು. ಟಪಾಲು ಚೀಲದ ಗಂಟಿನ ಮೇಲೆ ಅರಗಿನ ಹನಿ ಬೀಳಿಸಿ, ಹಿತ್ತಾಳೆಯ ಮುದ್ರೆಯನ್ನು ಒಂದೇ ಸಲಕ್ಕೆ ಒತ್ತಿ ಎತ್ತುತ್ತಿದ್ದ ಕೈ. ಒಂದು ಅಕ್ಷರವೂ ಕಲಸುತ್ತಿರಲಿಲ್ಲ. ಬದುಕಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದೆ.

ಅದು ಚನ್ನಗಿರಿಗೂ ಹೊನ್ನಾಳಿಗೂ ನಡುವೆ ಇರುವ ಒಂದು ಊರು. ಹೆಸರು ಬೇಡ, ಅಲ್ಲಿ ಈಗಲೂ ಮನುಷ್ಯರಿದ್ದಾರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಜಗಳೂರು ಕಡೆಯ ಪ್ರೈಮರಿ ಶಾಲೆ ಮೇಷ್ಟರ ಮಗಳು, ಇಪ್ಪತ್ತೆರಡು ವರ್ಷ, ಅಲ್ಲಿನ ಅಂಚೆ ಕಚೇರಿಗೆ ಗುಮಾಸ್ತೆಯಾಗಿ ಬಂದಿದ್ದೆ. ಹೆಣ್ಣು ಗುಮಾಸ್ತೆಯನ್ನು ನೋಡುವುದಕ್ಕೆಂದೇ ಬೇಡದ ಕಾರ್ಡು ಕೊಳ್ಳಲು ಬರುತ್ತಿದ್ದವರಿದ್ದರು. ಹೆಂಚಿನ ಕಟ್ಟಡ. ಮುಂದಿನ ಅರ್ಧ ಕಚೇರಿ, ಹಿಂದಿನ ಅರ್ಧ ಪೋಸ್ಟ್‌ಮಾಸ್ಟರರ ಸಂಸಾರ, ಅದರ ಹಿಂದೆ ಬಚ್ಚಲಿಗೆ ಅಂಟಿದ ಒಂದು ಕೋಣೆ ನನ್ನದು. ಕಚೇರಿಯಲ್ಲಿ ಇದ್ದವರು ನಾಲ್ಕೇ ಜನ. ಪೋಸ್ಟ್‌ಮಾಸ್ಟರು, ನಾನು, ಟಪಾಲು ಚೀಲ ಕಟ್ಟುವ ಪ್ಯಾಕರ್, ಮತ್ತೆ ಪೋಸ್ಟಣ್ಣ.

ಊರಿಗೆಲ್ಲ ಅವರು ಪೋಸ್ಟಣ್ಣ. ಕತ್ತಲಗೆರೆಯವರು, ಹೆಂಡತಿ ಅಲ್ಲಿಯೇ ಇದ್ದರು, ಭಾನುವಾರ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ‘ಅಕ್ಕಾರೆ’ ಎಂದೇ ಕರೆಯುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಮೊಣಕಾಲಿನ ಹತ್ತಿರ ಪ್ಯಾಂಟು ಸವೆದ ಮನುಷ್ಯ. ಅವರು ದೇವರನ್ನು ನಂಬುತ್ತಿರಲಿಲ್ಲ.

ಹಾಗೆಂದು ಬೀದಿಯಲ್ಲಿ ನಿಂತು ವಾದ ಮಾಡುವವರಲ್ಲ. ದೇವರನ್ನು ಬಯ್ದದ್ದನ್ನೂ ನಾನು ಕೇಳಿಲ್ಲ. ಹೆಂಡತಿ ಕಟ್ಟಿಕೊಟ್ಟ ಹಬ್ಬದ ಹೋಳಿಗೆಯನ್ನು ನಮಗೆಲ್ಲ ಹಂಚಿ ತಾವೂ ಎರಡು ಹೆಚ್ಚಿಗೆ ತಿನ್ನುತ್ತಿದ್ದರು. ನಂಬುತ್ತಿರಲಿಲ್ಲ, ಅಷ್ಟೆ. ಬಂದ ಹೊಸದರಲ್ಲಿ ನಾನೇ ಒಮ್ಮೆ ಕೇಳಿದ್ದೆ, ಯಾಕೆ ಹೀಗೆ, ಏನಾದರೂ ಆಗಿತ್ತಾ ಎಂದು. ಅವರು ನಕ್ಕರು. “ಏನೂ ಆಗಿಲ್ಲ ಅಕ್ಕಾರೆ. ಕೆಲವ್ರಿಗೆ ಹಾಡಾಕೆ ಬರಾಕಿಲ್ಲ ನೋಡ್ರಿ, ಹಂಗೆ. ನನಗೆ ಅದು ಬರಲಿಲ್ಲ.”

ಈ ಉತ್ತರ ಯಾರಿಗೂ ಸಾಲುತ್ತಿರಲಿಲ್ಲ. ಮಗು ಸತ್ತದ್ದಕ್ಕೆ ಸಿಟ್ಟು ಬಂದು ದೇವರನ್ನು ಬಿಟ್ಟ ಎಂದಿದ್ದರೆ ಜನ ಕನಿಕರಿಸಿ ಒಪ್ಪಿಕೊಳ್ಳುತ್ತಿದ್ದರು. ಕಾರಣವೇ ಇಲ್ಲದೆ ನಂಬದಿರುವುದು ಹೇಗೆ? ಒಳಗೆ ಏನೋ ಇರಬೇಕು ಎಂದು ಎಲ್ಲರೂ ಹುಡುಕುತ್ತಲೇ ಇದ್ದರು. ಒಬ್ಬರೂ ಒರಟು ಮಾತು ಆಡಲಿಲ್ಲ, ಅದನ್ನು ಹೇಳಬೇಕು. ನಮ್ಮಲ್ಲಿ ಯಾವುದೂ ಜೋರಾಗಿ ನಡೆಯುವುದಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತದೆ.

ಶುಕ್ರವಾರ ಸಂಜೆ ಕಚೇರಿಯಲ್ಲಿ ಪೂಜೆ. ಗಣಪತಿ, ಲಕ್ಷ್ಮಿ, ಸರಸ್ವತಿ ಮೂವರೂ ಒಂದೇ ಚೌಕಟ್ಟಿನಲ್ಲಿದ್ದ ಫೋಟೋ ಪೋಸ್ಟ್‌ಮಾಸ್ಟರರ ಕುರ್ಚಿಯ ಹಿಂದಿನ ಗೋಡೆಯ ಮೇಲಿತ್ತು. ಊದುಬತ್ತಿ, ಹೂವು, ಕೊಬ್ಬರಿ ಸಕ್ಕರೆ. ಪೋಸ್ಟಣ್ಣ ಆ ಹೊತ್ತಿಗೆ ಜಗುಲಿಯ ಮೇಲೆ ಸೈಕಲ್ ಒರೆಸುತ್ತ ನಿಂತಿರುತ್ತಿದ್ದರು. ಮೊದಮೊದಲು ಪೋಸ್ಟಣ್ಣನಿಗೂ ಪ್ಯಾಕರ್ ಕೊಬ್ಬರಿ ಸಕ್ಕರೆ ಒಯ್ದು ಕೊಡುತ್ತಿದ್ದನಂತೆ, ಅವರೂ ತಿನ್ನುತ್ತಿದ್ದರಂತೆ. ಆಮೇಲೆ ಯಾರೋ ‘ನಂಬದವನಿಗೆ ಯಾಕೆ ಬಲವಂತ’ ಎಂದರು. ಗೌರವದ ಮಾತಿನ ಹಾಗೆಯೇ ಕೇಳಿಸುತ್ತದಲ್ಲವೇ? ಕೊಬ್ಬರಿ ಸಕ್ಕರೆ ನಿಂತಿತು. ಪೂಜೆಯಾದ ಮೇಲೆ ಒಳಗಿನಿಂದ ಬರುತ್ತಿದ್ದ ಕಾಫಿಯೂ ಮೂರೇ ಲೋಟವಾಯಿತು.

ಹೊರಗೆ ನಿಲ್ಲುವವರು ಅವರೊಬ್ಬರೇ ಆಗಿರಲಿಲ್ಲ. ತಿಂಗಳ ಆ ಮೂರು ದಿನ ಶುಕ್ರವಾರಕ್ಕೆ ಬಿದ್ದರೆ ನಾನೂ ಹೊರಗೆ. ಬಂದ ಮೊದಲ ತಿಂಗಳೇ ಪೋಸ್ಟ್‌ಮಾಸ್ಟರರ ಹೆಂಡತಿ ನನಗದನ್ನು ಕಲಿಸಿದ್ದರು. ಬಾಯಿಬಿಟ್ಟು ಹೇಳುವುದೇನೂ ಬೇಕಿರಲಿಲ್ಲ. ಊದುಬತ್ತಿ ಹಚ್ಚುವಾಗ ಹೊಸ್ತಿಲಿನ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು. ಗಂಡಸರು ನೆಲ ನೋಡುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಅಂಥ ಶುಕ್ರವಾರ ಜಗುಲಿಯ ಮೇಲೆ ಪೋಸ್ಟಣ್ಣ ಮತ್ತು ನಾನು ಇಬ್ಬರೇ. ಅವರು ಜೇಬಿನಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದರು. “ತಗಳ್ರಿ, ನಮ್ಮ ಪ್ರಸಾದ,” ಎಂದು ತಮಾಷೆ ಮಾಡುತ್ತಿದ್ದರು. ನನಗೆ ಆ ಕಚೇರಿಯಲ್ಲಿ ನಗು ಬರುತ್ತಿದ್ದದ್ದು ಆಗ ಮಾತ್ರ.

ಹಬ್ಬದ ದಿನದ ಕೆಲಸವೆಲ್ಲ ಅವರ ಪಾಲಿಗೆ. “ನಿಮಗೇನ್ರಿ ಹಬ್ಬ,” ಎನ್ನುತ್ತಿದ್ದರು ಪೋಸ್ಟ್‌ಮಾಸ್ಟರು. ಒಳ್ಳೆಯ ಮನುಷ್ಯರೇ, ಬಾಯಿ ಮಾತ್ರ ಸಡಿಲ. ಪೋಸ್ಟಣ್ಣನಿಗೆ ಹಬ್ಬವಿಲ್ಲದಿರಬಹುದು, ಅವರ ಹೆಂಡತಿಗಿತ್ತಲ್ಲ. ಹೂವು ಮುಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ಆ ಹೆಂಗಸನ್ನು ನಾವ್ಯಾರೂ ನೆನೆಯುತ್ತಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ತಂತಿಯದು. ಈಗಿನವರಿಗೆ ತಂತಿ ಎಂದರೆ ಗೊತ್ತಿಲ್ಲ. ಶಿವಮೊಗ್ಗದಿಂದ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತಿದ್ದರು, ನಾನು ಫಾರಂ ಮೇಲೆ ಬರೆದುಕೊಂಡು, ಬಂದ ವೇಳೆ ನಮೂದಿಸಿ, ಮನೆಗೆ ಮುಟ್ಟಿಸಲು ಕೊಡುತ್ತಿದ್ದೆ. ಹುಟ್ಟಿದ ಸುದ್ದಿ, ಕೆಲಸ ಸಿಕ್ಕ ಸುದ್ದಿ ಬಂದರೆ ಪ್ಯಾಕರ್ ಹಾರಿ ಒಯ್ಯುತ್ತಿದ್ದ. ಸಾವಿನದಾದರೆ ಪೋಸ್ಟಣ್ಣ. ‘ಅವರಿಗೆ ಏನೂ ಅಂಟಾಕಿಲ್ಲ ಬಿಡ್ರಿ’ ಎಂದು ಪ್ಯಾಕರ್ ಕೈ ತೊಳೆದುಕೊಂಡ, ಅದೇ ರೂಢಿಯಾಯಿತು. ಎರಡು ವರ್ಷದಲ್ಲಿ ಊರಿಗೂ ಗೊತ್ತಾಯಿತು. ಅವರ ಸೈಕಲ್ ಗಂಟೆ ಕೇಳಿದರೆ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದರು, ಮುಖ ಬಿಳಿಚಿಕೊಂಡು. ಮದುವೆ ಮನೆಯವರು ಅವರನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು.

ಆದರೂ ಆ ಕೆಲಸವನ್ನು ಅವರು ಹೇಗೆ ಮಾಡುತ್ತಿದ್ದರು! ತಂತಿ ಕೈಗೆ ಬಂದ ಮೇಲೆ ನಿಮಿಷ ತಡ ಮಾಡುತ್ತಿರಲಿಲ್ಲ, ಆದರೆ ಮನೆ ಮುಂದೆ ನಿಂತು ಕೂಗುತ್ತಲೂ ಇರಲಿಲ್ಲ. ಮೊದಲು ಪಕ್ಕದ ಮನೆಯವರನ್ನು ಕರೆಯುವುದು. ಆಮೇಲೆ ಆ ಮನೆಯವರನ್ನು ಕೂರಿಸುವುದು. ಆಮೇಲೆ ಓದಿ ಹೇಳುವುದು. ಬಸ್ಸಿನ ವೇಳೆಯನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಚೀಲದಲ್ಲಿಟ್ಟುಕೊಂಡಿದ್ದರು. ಅಳುತ್ತಿರುವವರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಹೊಳೆಯುವುದಿಲ್ಲವಲ್ಲ. ಬಸ್ಸು ಹತ್ತಿಸಿಯೇ ಬರುತ್ತಿದ್ದರು. “ಹೋಗೋರನ್ನ ತಡ್ಯಾಕೆ ಆಗಾಕಿಲ್ಲ ಅಕ್ಕಾರೆ. ಇರೋರು ಹೋಗಿ ಮುಖ ನೋಡೋವಷ್ಟು ನಮ್ಮ ಕೈಯಾಗೈತೆ,” ಎಂದು ಒಮ್ಮೆ ಹೇಳಿದ್ದರು. ಕೆಲಸದಲ್ಲಿ ಅಷ್ಟು ತೃಪ್ತಿ ಇದ್ದವರನ್ನು ನಾನು ಇಲಾಖೆಯಲ್ಲಿ ಮತ್ತೆ ಕಾಣಲಿಲ್ಲ.

ಆದರೆ ಸಾಕಾಗಿತ್ತು ಅವರಿಗೆ. ಪೋಸ್ಟ್‌ಮ್ಯಾನರು ಗುಮಾಸ್ತರಾಗಲು ಇಲಾಖೆಯ ಪರೀಕ್ಷೆಯೊಂದಿತ್ತು. ಆ ವರ್ಷ ಅವರು ಅದನ್ನು ಬರೆದರು. ಇಂಗ್ಲಿಷ್ ನಾನು ಹೇಳಿಕೊಟ್ಟೆ, ಗಣಿತದಲ್ಲಿ ಅವರೇ ನನ್ನನ್ನು ಮೀರಿಸುವಂತಿದ್ದರು. ಪಾಸೂ ಆದರು. ಆದೇಶವೊಂದು ಬರುವುದು ಬಾಕಿ. ಪೋಸ್ಟ್‌ಮಾಸ್ಟರು ಬೆನ್ನು ತಟ್ಟಿ, “ಗುಮಾಸ್ತರಾದ್ರೆ ಆ ಫೋಟೋ ಕೆಳಗೇ ಕೂರಬೇಕಾಗ್ತೈತೆ ನೋಡ್ರಿ, ಹೆಂಗೆ ಮಾಡ್ತೀರಿ?” ಎಂದು ನಕ್ಕರು. ಪೋಸ್ಟಣ್ಣನೂ ನಕ್ಕರು. ಆಮೇಲೆ ಜಗುಲಿಯಲ್ಲಿ ನನಗೆ ಮಾತ್ರ ಹೇಳಿದರು: “ಸಂಬಳಕ್ಕಲ್ಲ ಅಕ್ಕಾರೆ. ನನ್ನ ಮುಖ ಕಂಡ್ರೆ ಜನ ಬಾಗಿಲು ಹಾಕದಂಗೆ ನಾಕು ದಿನ ಬದುಕಬೇಕು, ಅಷ್ಟೇ.”

ಇಷ್ಟು ಹೇಳಿದ ಮೇಲೆ ಆ ಪಂಚಮಿಯನ್ನು ಹೇಳಲೇಬೇಕು. ಇಲ್ಲಿಯವರೆಗೆ ಬಂದು ಎಷ್ಟು ಸಲ ಪೆನ್ನು ಕೆಳಗಿಟ್ಟಿದ್ದೇನೋ...

ನಾಗರ ಪಂಚಮಿ. ಬೆಳಿಗ್ಗೆಯೇ ಪೋಸ್ಟ್‌ಮಾಸ್ಟರರ ಹೆಂಡತಿಯ ಜೊತೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದು ಕೌಂಟರಿನಲ್ಲಿ ಕೂತಿದ್ದೆ. ಪೋಸ್ಟ್‌ಮಾಸ್ಟರು ಪೂಜೆಗೆಂದು ಒಳಗಿದ್ದರು, ಪ್ಯಾಕರ್ ಮನೆಗೆ ಹೋಗಿದ್ದ, ಪೋಸ್ಟಣ್ಣ ಬಜಾರಿನಲ್ಲಿ ಟಪಾಲು ಹಂಚುತ್ತಿದ್ದರು. ಹತ್ತೂ ಕಾಲಿಗೆ ಫೋನು. ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯಟ್ಲಿ.’ ಅಡಿಕೆ ಮಂಡಿ ಸಾಹುಕಾರರ ಸೊಸೆಗೆ, ಶಿವಮೊಗ್ಗದಿಂದ, ಅವಳ ಅಣ್ಣ ಕೊಟ್ಟದ್ದು.

ಆ ಸೊಸೆ ನನಗೆ ಗೊತ್ತಿದ್ದವಳು. ನನ್ನದೇ ವಯಸ್ಸು. ವಾರಕ್ಕೊಂದು ಇನ್‌ಲ್ಯಾಂಡ್ ಕೊಂಡು ಕೌಂಟರಿನ ಮೇಲೆಯೇ ಬಗ್ಗಿ ತಾಯಿಗೆ ಬರೆದು ಡಬ್ಬಿಗೆ ಹಾಕಿ ಹೋಗುತ್ತಿದ್ದಳು. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅವಳನ್ನು ಆ ವರ್ಷ ಕಳಿಸಿರಲಿಲ್ಲ, ಯಾಕೆಂದರೆ ನಾದಿನಿಯರೆಲ್ಲ ಅವರ ತವರಾದ ಈ ಮನೆಗೆ ಬಂದಿದ್ದರು, ಬೇಯಿಸಿ ಹಾಕುವವರು ಬೇಕಲ್ಲ.

ತಂತಿ ಹಿಡಿದು ನಾನು ಕೂತೆ. ಆಗಿನ ಕಾಲದಲ್ಲಿ ‘ಸೀರಿಯಸ್’ ಎಂದು ಬಂದರೆ ಸತ್ತರೆಂದೇ ಓದಿಕೊಳ್ಳುತ್ತಿದ್ದೆವು. ಸಾವು ಎಂದು ಬರೆಯಲು ಕೈ ಬರದೆ ಎಲ್ಲರೂ ಹಾಗೆಯೇ ಕೊಡುತ್ತಿದ್ದರು. ಅವಳ ತಾಯಿ ಹೋಗಿಬಿಟ್ಟಿದ್ದಾಳೆ, ಇನ್ನು ಅವಸರ ಯಾತಕ್ಕೆ ಎಂದುಕೊಂಡೆ. ಈಗ ಕೊಟ್ಟರೆ ಇವಳು ಹಾಲೆರೆಯುವ ಹಾಗಿಲ್ಲ, ಉಣ್ಣುವ ಹಾಗಿಲ್ಲ, ಹಬ್ಬದ ಮನೆಗೆ ಮೈಲಿಗೆ ತಂದಳೆಂದು ಅತ್ತೆ ಜೀವಮಾನವಿಡೀ ಆಡುತ್ತಾಳೆ. ಹಬ್ಬದ ದಿನ ಊಟವಾಗುವವರೆಗೆ ಸಾವಿನ ತಂತಿ ತಡೆಹಿಡಿಯುವುದು ಆ ಕಚೇರಿಯಲ್ಲಿ ಹೊಸದೂ ಅಲ್ಲ. ಪೋಸ್ಟ್‌ಮಾಸ್ಟರು ಎರಡು ಮೂರು ಸಲ ಹಾಗೆ ಮಾಡಿದ್ದನ್ನು ನೋಡಿದ್ದೆ. ಪೋಸ್ಟಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಕನಿಕರ ಎಂದು ಕರೆಯಬಹುದು ನಾನು ಮಾಡಿದ್ದನ್ನು. ಕನಿಕರವೇ ಇತ್ತು. ದೇವರ ಭಯವೂ ಇತ್ತು. ಹಬ್ಬ ಕೆಡಿಸಿದ ಪಾಪ ನನಗೆ ಸುತ್ತಿಕೊಂಡರೆ? ತಂತಿಯನ್ನು ರಿಜಿಸ್ಟರಿನ ಕೆಳಗೆ ಸರಿಸಿದೆ.

ಹನ್ನೊಂದಕ್ಕೆ ಪೋಸ್ಟಣ್ಣ ಒಂದು ಪಾರ್ಸೆಲ್ಲಿಗೆಂದು ಬಂದರು. “ತಂತಿ ಗಿಂತಿ ಐತೇನ್ರಿ?” ಎಂದರು. ಇಲ್ಲ ಎಂದೆ. ಹನ್ನೊಂದೂ ಕಾಲಿನ ಶಿವಮೊಗ್ಗದ ಬಸ್ಸು ಕಚೇರಿಯ ಮುಂದೆಯೇ ಹಾದು ಹೋಯಿತು.

ಮೂರು ಗಂಟೆಗೆ ಕೊಟ್ಟೆ. ಫಾರಂ ಮೇಲೆ ಬಂದ ವೇಳೆ ಇತ್ತಲ್ಲ, ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಬಾಯಿಂದ ಒಂದು ಸುಳ್ಳು ತಾನಾಗಿಯೇ ಬಂತು: “ದೊಡ್ಡ ಸಾರ್ ಟೇಬಲ್ ಮೇಲಿತ್ತು. ನನಗೆ ಈಗ ಸಿಕ್ತು.” ಅವರು ಫಾರಂ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಸೈಕಲ್ಲಿನ ಸ್ಟ್ಯಾಂಡ್ ತೆಗೆಯುವ ಶಬ್ದ ಕೇಳಿತು. ನಾಲ್ಕರ ಬಸ್ಸಿಗೆ ಅವಳನ್ನೂ ಗಂಡನನ್ನೂ ಹತ್ತಿಸಿ ಬಂದರು.

ತಂತಿ ಬಂದಾಗ ತಾಯಿ ಸತ್ತಿರಲಿಲ್ಲ. ಬೆಳಿಗ್ಗೆಯೆಲ್ಲ ಎಚ್ಚರವಿದ್ದು, ಬಾಗಿಲ ಕಡೆ ನೋಡಿ ನೋಡಿ, ಎರಡು ಗಂಟೆಯ ಮೇಲೆ ಹೋದರಂತೆ. ಹನ್ನೊಂದೂ ಕಾಲಿನ ಬಸ್ಸಿಗೆ ಹತ್ತಿದ್ದರೆ ಮಗಳು ತಾಯಿ ಹೋಗುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರುತ್ತಿದ್ದಳು.

ಸುದ್ದಿ ಮಾರನೆಯ ಬೆಳಿಗ್ಗೆ ಬಂತು. ರಿಜಿಸ್ಟರು ತೆರೆದೆ. ಪೋಸ್ಟಣ್ಣನ ಕೈಗೆ ತಂತಿ ಕೊಟ್ಟ ವೇಳೆ ಬರೆಯುವ ಕಾಲಂ ಖಾಲಿ ಇತ್ತು; ನಮ್ಮಲ್ಲಿ ಅದನ್ನು ವಾರಕ್ಕೊಮ್ಮೆ ಕೂತು ತುಂಬುತ್ತಿದ್ದೆವು. ಯಾರೂ ಇಲ್ಲದಾಗ ನಾನು ಅಲ್ಲಿ ಹನ್ನೊಂದು ಎಂದು ಬರೆದೆ. ಆ ಅಂಕಿ ಎಷ್ಟು ಸುಲಭ, ಎರಡು ನೆಟ್ಟನೆಯ ಗೆರೆ.

ಮೂರನೆಯ ದಿನ ಸಾಹುಕಾರರು ಬಂದರು. ಪೋಸ್ಟ್‌ಮಾಸ್ಟರು ಎದ್ದು ಕುರ್ಚಿ ಕೊಟ್ಟರು. ರಿಜಿಸ್ಟರು ತೆಗೆದು ತೋರಿಸಿದರು. ಪೋಸ್ಟಣ್ಣ ಕೈಕಟ್ಟಿ ನಿಂತಿದ್ದವರು, “ನನ್ನ ಕೈಗೆ ಬಂದದ್ದು ಮೂರಕ್ಕೆ. ಬಂದ ಹತ್ತು ನಿಮಿಷಕ್ಕೆ ನಿಮ್ಮನೆ ಮುಂದಿದ್ದೆ,” ಎಂದರು. ಹಾಗಾದರೆ ಅಲ್ಲಿಯವರೆಗೆ ಯಾರ ಹತ್ತಿರ ಇತ್ತು ಎಂದು ಸಾಹುಕಾರರು ಕೇಳಿದರು. ಅವರು ನನ್ನ ಕಡೆ ನೋಡಲಿಲ್ಲ. ಪೋಸ್ಟ್‌ಮಾಸ್ಟರರ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದರು.

ಸಾಹುಕಾರರು ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿದರು. “ಕಾಗದದ ಮೇಲೆ ಯಾರು ಏನ್ ಬೇಕಾದ್ರೂ ಬರೀತಾರ್ರಿ. ಆ ಫೋಟೋ ಮುಟ್ಟಿ ಹೇಳ್ಲಿ ಎಲ್ರೂ, ನಾ ತಡ ಮಾಡಿಲ್ಲ ಅಂತ. ಹೇಳಿದ್ರೆ ನಾನು ಮೇಲಕ್ಕೆ ಬರಿಯಾಕೆ ಹೋಗಾಕಿಲ್ಲ, ಇಲ್ಲಿಗೇ ಬಿಡ್ತೀನಿ.”

ಪೋಸ್ಟ್‌ಮಾಸ್ಟರರಿಗೆ ಹೋದ ಜೀವ ಬಂದಂತಾಯಿತು. ಫೋಟೋ ಕೆಳಗಿಳಿಸಿ ಮೇಜಿನ ಮೇಲಿಟ್ಟರು. ತಾವೇ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪ್ಯಾಕರ್ ಮುಟ್ಟಿದ. ಮೂರನೆಯವಳು ನಾನು.

ಕೌಂಟರಿನ ಬಳಿ ನಿಂತಿದ್ದೆ. ಬಾಯಲ್ಲಿ ಸುಳ್ಳು ಹೇಳಬಲ್ಲೆ, ರಿಜಿಸ್ಟರಿನಲ್ಲಿ ಬರೆಯಬಲ್ಲೆ. ಫೋಟೋ ಮುಟ್ಟಿ ಹೇಳಿದರೆ ನನ್ನ ವಂಶ ಉಳಿಯುತ್ತದೆಯೇ? ನಾನು ನಂಬುವವಳು ನೋಡಿ. ಕಾಲು ತಾನಾಗಿ ಹೊಸ್ತಿಲಿನ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ಪೋಸ್ಟ್‌ಮಾಸ್ಟರು ಕೂಡಲೇ ನೆಲ ನೋಡಿದರು. “ನೀವಿರ್ಲಿ ಬಿಡಮ್ಮ,” ಎಂದರು. ಸಾಹುಕಾರರಿಗೂ ಅರ್ಥವಾಯಿತು. ಅವರೂ ನೆಲ ನೋಡಿದರು. ನನ್ನ ಸರದಿ ಮುಗಿಯಿತು.

ಉಳಿದವರು ಪೋಸ್ಟಣ್ಣ. ಅವರು ನಿಜವನ್ನೇ ಹೇಳಿದ್ದರು. ಕೈ ಚಾಚಿ ಆ ಗಾಜನ್ನು ಮುಟ್ಟಿದ್ದರೆ ಮುಗಿಯಿತು, ಎಲ್ಲರೂ ಕಾಫಿ ಕುಡಿದು ಎದ್ದು ಹೋಗುತ್ತಿದ್ದೆವು. ಅವರ ಆದೇಶ ಬರುತ್ತಿತ್ತು. ಅವರು ಕಟ್ಟಿದ ಕೈ ಬಿಚ್ಚಲಿಲ್ಲ.

“ನಾ ಮುಟ್ಟಾಕಿಲ್ಲ ಸಾಹುಕಾರ್ರೇ. ಇದು ನಿಮಗೆ ದೇವ್ರು, ನನಗೆ ಗಾಜು. ಮುಟ್ಟಿ ಹೇಳಿದ್ರೆ ನಿಮ್ಮನ್ನ ಮೋಸ ಮಾಡ್ದಂಗೆ ಆಗ್ತೈತೆ. ನನ್ನ ಮಾತು ಐತಲ್ಲ, ಅದನ್ನ ನಂಬ್ರಿ.”

ಯಾರು ನಂಬುತ್ತಾರೆ? ಸಾಹುಕಾರರು ಎದ್ದರು. ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡು, “ದೇವ್ರೇ ಇಲ್ದವನಿಗೆ ಒಬ್ರ ತಾಯಿ ಸತ್ರೆ ಏನು, ಬಿಟ್ರೆ ಏನು,” ಎಂದು ಹೇಳಿ ಹೋದರು. ಹಬ್ಬಕ್ಕೆ, ದೇವರಿಗೆ ಹೆದರಿ ತಂತಿಯನ್ನು ಮುಚ್ಚಿಟ್ಟಿದ್ದು ನಾನು. ಆ ಊರಿನಲ್ಲಿ ಅದನ್ನು ಒಂದು ಗಳಿಗೆಯೂ ಮುಚ್ಚಿಡದ ಮನುಷ್ಯ ಒಬ್ಬರೇ ಇದ್ದರು, ಮಾತು ಅವರ ಮೇಲೆ ಬಿತ್ತು. ನಾನು ಹೊಸ್ತಿಲ ಬಳಿ ನಿಂತೇ ಇದ್ದೆ.

ಅವತ್ತು ಸಂಜೆ ಪೋಸ್ಟ್‌ಮಾಸ್ಟರರ ಹೆಂಡತಿ ನನ್ನ ಕೋಣೆಯ ಬಾಗಿಲಿಗೆ ಬಂದರು. ಬೆಳಿಗ್ಗೆ ನಾನು ಬಾವಿಯಿಂದ ಅವರ ಅಡುಗೆಮನೆಗೇ ನೀರು ತಂದು ಹಾಕಿದ್ದೆ, ಅವರಿಂದ ಏನನ್ನು ಮುಚ್ಚಿಡಲಿ? “ಇದು ನಿನ್ನ ದಿನ ಅಲ್ವಲ್ಲೇ,” ಎಂದರು. ನಾನು ಅಳತೊಡಗಿದೆ. ಅವರು ಒಳಗೆ ಬಂದು ಕದ ಮುಂದೆ ಮಾಡಿದರು. ತಲೆ ನೇವರಿಸಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಹೋಗ್ಲಿ ಬಿಡು. ನಿನಗೆ ಇನ್ನೂ ಮದುವೆ ಆಗ್ಬೇಕು. ಅವ್ರಿಗೇನು, ದೇವ್ರ ಹಂಗೂ ಇಲ್ಲ, ಜನರ ಹಂಗೂ ಇಲ್ಲ. ತಡ್ಕಂತಾರೆ.” ನನಗೆ ಆ ಮಾತಿನಿಂದ ಸಮಾಧಾನವಾಯಿತು. ಆಯಿತು, ಸುಳ್ಳು ಯಾಕೆ ಹೇಳಲಿ.

ದೂರು ಮೇಲಕ್ಕೆ ಹೋಯಿತು. ಅವರ ಸೇವಾ ಪುಸ್ತಕದಲ್ಲಿ ಕರ್ತವ್ಯಲೋಪ ಎಂದು ದಾಖಲಾಯಿತು. ಗುಮಾಸ್ತರ ಆದೇಶ ಬರಲೇ ಇಲ್ಲ. ಎರಡು ತಿಂಗಳಿಗೆ ನ್ಯಾಮತಿಯ ಆಚೆಗೆ ವರ್ಗವಾಯಿತು, ಕತ್ತಲಗೆರೆಗೆ ಭಾನುವಾರ ಸೈಕಲ್ಲಿನಲ್ಲಿ ಹೋಗಿ ಬರಲಾಗದಷ್ಟು ದೂರಕ್ಕೆ. ಆ ಎರಡು ತಿಂಗಳೂ ಅವರು ನನ್ನ ಜೊತೆ ಮೊದಲಿನ ಹಾಗೆಯೇ ಇದ್ದರು, ಒಂದಿಷ್ಟು ಹೆಚ್ಚೇ ಮೆತ್ತಗೆ. ಶುಕ್ರವಾರ ಹುರಿಗಡಲೆ ಕೊಡಲು ಬಂದರೆ ನಾನೇ ಏನೋ ಕೆಲಸ ಹಿಡಿದು ಕೂರುತ್ತಿದ್ದೆ. ಅವರು ಹೊರಡುವ ದಿನ ರಜೆ ಹಾಕಿ ಊರಿಗೆ ಹೋಗಿಬಿಟ್ಟೆ.

ಸಾಹುಕಾರರ ಸೊಸೆ ಮೂರು ತಿಂಗಳು ಬಿಟ್ಟು ಒಮ್ಮೆ ಬಂದಳು, ಇನ್‌ಲ್ಯಾಂಡಿಗಲ್ಲ, ಮಾವನ ರಿಜಿಸ್ಟರ್ ಕಾಗದ ಹಾಕಲು. ರಸೀದಿ ಬರೆಯುತ್ತಿದ್ದೆ. “ಪೋಸ್ಟಣ್ಣಂಗೆ ನನ್ನ ಕಂಡ್ರೆ ಏನ್ರಿ ಸಿಟ್ಟಿತ್ತು? ನಾನೇನ್ ಮಾಡಿದ್ದೆ ಅವ್ರಿಗೆ?” ಎಂದು ಕೇಳಿದಳು. ರಸೀದಿ ಹರಿದು ಕೊಟ್ಟೆ.

ಆಮೇಲೆ ನನಗೂ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು, ಪೋಸ್ಟ್‌ಮಾಸ್ಟರೂ ಆದೆ. ನನ್ನ ಕೈಕೆಳಗಿನ ಕಚೇರಿಗಳಲ್ಲಿ ಆಣೆ ಹಾಕಿಸಲು ಬಿಡಲಿಲ್ಲ ಎಂದು ಹೇಳಿಕೊಳ್ಳಬಹುದು, ಅದರಿಂದ ಏನಾಯಿತು? ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯೊಂದಕ್ಕೆ ಚನ್ನಗಿರಿಗೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ಹಳೆಯ ಪ್ಯಾಕರ್ ಸಿಕ್ಕ. ಪೋಸ್ಟಣ್ಣ ಹೋದ ವರ್ಷ ತೀರಿಕೊಂಡರು ಎಂದ. ಕೊನೆಯವರೆಗೂ ಪೋಸ್ಟ್‌ಮ್ಯಾನ್, ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳಿಗೆ ಟಪಾಲು ಹಂಚುತ್ತಿದ್ದರಂತೆ. ಎದೆನೋವು. ಐವತ್ತೂ ದಾಟಿರಲಿಲ್ಲವೋ ಏನೋ.

ಮದುವೆ ಮನೆಗೆ ಹೋಗದೆ ಕತ್ತಲಗೆರೆಯ ಬಸ್ಸು ಹತ್ತಿದೆ. ಅವರಿಗೆ ಹೇಳಲಾಗದ್ದನ್ನು ಅವರ ಹೆಂಡತಿಗಾದರೂ ಹೇಳಬೇಕು, ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ನಾನು ಯಾರೆಂದು ಹೇಳಿದ್ದೇ ತಡ, ಆ ಹೆಂಗಸು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು.

“ನೀವೇ ಏನ್ರವ್ವ ಅವ್ರು! ಬರ್ರಿ, ಒಳಗ್ಬರ್ರಿ. ನಿಮ್ಮ ಮಾತು ಆಡದೆ ಇದ್ದ ದಿನ ಇಲ್ಲ ನಮ್ಮನೆಯವ್ರು.”

ಚಾಪೆ ಹಾಸಿ ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. ತಂತಿ ಇಟ್ಟುಕೊಂಡಿದ್ದು ಪೋಸ್ಟ್‌ಮಾಸ್ಟರು, ರಿಜಿಸ್ಟರಿನಲ್ಲಿ ಸುಳ್ಳು ಬರೆಸಿದ್ದೂ ಅವರೇ ಎಂದು ಪೋಸ್ಟಣ್ಣ ತಿಳಿದಿದ್ದರು. ಅದನ್ನು ಬಾಯಿಬಿಟ್ಟರೆ, ಅವರ ಮನೆಯಲ್ಲೇ ಇರುವ ಪರವೂರಿನ ಹುಡುಗಿ ಸಾಕ್ಷಿ ಹೇಳಬೇಕಾಗುತ್ತದೆ, ಅವಳ ಗತಿ ಏನು ಎಂದು ಸುಮ್ಮನಿದ್ದರಂತೆ. ಅಷ್ಟೂ ಸಾಲದೆಂಬಂತೆ ಆ ಹೆಂಗಸು ನನ್ನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ ಹೇಳಿದರು:

“ಅವತ್ತು ಆಯಮ್ಮಂಗೆ ಮುಟ್ಟೂ ಇರಲಿಲ್ಲ, ಏನೂ ಇರಲಿಲ್ಲ, ಹಿಂದಿನ ಶುಕ್ರವಾರ ತಾನೇ ನನ್ನ ಜೊತೆ ಹೊರಗೆ ನಿಂತಿದ್ರು, ಅಂತಿದ್ರು. ಆದ್ರೂ ಫೋಟೋ ಮುಟ್ಟದೆ ಹಿಂದೆ ಸರಿದ್ರು ನೋಡು, ನನಗೋಸ್ಕರ. ಅಷ್ಟು ಜನದಾಗೆ ನಾನು ಒಬ್ನೇ ಆಗ್ಲಿಲ್ಲ ಕಣೆ... ಅಂತಿದ್ರು. ಸಾಯೋ ತನಕ ಅದೊಂದನ್ನೇ ಹಿಡಿದಿದ್ರವ್ವ.”

ಆ ನಂಬಿಕೆಯನ್ನು ಅವರಿಂದ ಹೇಗೆ ಕಿತ್ತುಕೊಳ್ಳಲಿ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯತನದ ಹೆಸರಿನಲ್ಲಿ ಸುಮ್ಮನಿರುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ. ಅವರು ಮಾಡಿಕೊಟ್ಟ ಮಂಡಕ್ಕಿ ತಿಂದೆ, ಕಾಫಿ ಕುಡಿದೆ. ಹೊರಡುವಾಗ ಪಕ್ಕದ ಮನೆಯ ಮುತ್ತೈದೆಯನ್ನು ಕರೆದು ಕುಂಕುಮ ಇಡಿಸಿ, ಮಡಿಲಿಗೆ ತೆಂಗಿನಕಾಯಿ ಹಾಕಿಸಿ ಕಳಿಸಿದರು.

ಆ ಹೆಂಗಸೂ ಹೋಗಿ ಬಹಳ ವರ್ಷವಾಯಿತೆಂದು ಕೇಳಿದೆ. ಪೋಸ್ಟ್‌ಮಾಸ್ಟರ್ ದಂಪತಿ ಇಲ್ಲ, ಸಾಹುಕಾರರಿಲ್ಲ, ಆ ಸೊಸೆಯೂ ಇಲ್ಲ. ನಾನು ಬರೆದ ಆ ಹನ್ನೊಂದು ಗಂಟೆ ಸುಳ್ಳು ಎಂದು ಈಗ ಯಾರಿಗೆ ಬೇಕಾದರೂ ಹೇಳಬಲ್ಲೆ, ನನ್ನನ್ನು ಯಾರೂ ಏನೂ ಮಾಡುವ ಹಾಗಿಲ್ಲ, ಕೇಳಬೇಕಾಗಿದ್ದವರು ಒಬ್ಬರೂ ಉಳಿದಿಲ್ಲ. ಇಷ್ಟು ವರ್ಷ ಕಾದದ್ದು ಅದಕ್ಕೇ ಎಂದು ನನಗೆ ಗೊತ್ತು.